ಹಸಿರು ಗಾಡಿಯ ಅಕ್ಕೋರು

ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆಗಷ್ಟೇ ನಾನು ಕೈಗಡಿಯಾರ ನೋಡಿ, "ಅಕ್ಕೋರ, ಆರರೊಳಗ ಮನಿ ಮುಟ್ಟತೀವಲ್ರಿ?" ಎಂದು ಕೇಳಿದ್ದೆ. ಅವರು ಉತ್ತರ ಕೊಡುವ ಮೊದಲೇ ಹೊಗೆಯ ವಾಸನೆ ಬಂತು. ಕಬ್ಬಿನ ಹಂಗಾಮಿನಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ದಾರಿಯಲ್ಲಿ ಹೊಗೆ ಇಲ್ಲದ ದಿನವೇ ಇಲ್ಲ. ಕಬ್ಬು ಕಡಿದ ಹೊಲದಲ್ಲಿ ಉಳಿಯುವ ಒಣ ಎಲೆಯನ್ನು, ಅಂದರೆ ರವದಿಯನ್ನು, ಯಾರಾದರೊಬ್ಬರು ಸುಡುತ್ತಲೇ ಇರುತ್ತಾರೆ.

"ಯಾರೋ ರವದಿಗೆ ಬೆಂಕಿ ಹಚ್ಚ್ಯಾರ" ಎಂದೆ.

"ಹೂಂ" ಎಂದರು ಅಕ್ಕೋರು.

ಉರಿಯುತ್ತಿದ್ದ ರವದಿ ನಮ್ಮ ಸೀಟಿನ ಕೆಳಗಿತ್ತು.

ಅಕ್ಕೋರು ಈ ವರ್ಷ ನಿವೃತ್ತರಾದರು. ಚಿಕ್ಕೋಡಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು, ನಾನು ವಿಜ್ಞಾನ ಕಲಿಸುತ್ತೇನೆ. ಇಬ್ಬರ ಮನೆಯೂ ನಿಪ್ಪಾಣಿಯಲ್ಲಿ. ಬೀಳ್ಕೊಡುಗೆಯ ದಿನ ಮಾತಾಡಿದವರೆಲ್ಲ ಅವರ ಗಣಿತವನ್ನು ಹೊಗಳಿದರು, ಶಿಸ್ತನ್ನು ಹೊಗಳಿದರು. ಒಬ್ಬರು "ಅಂಗವೈಕಲ್ಯವನ್ನು ಮೆಟ್ಟಿ ನಿಂತವರು" ಎಂದೂ ಹೇಳಿದರು. ಆ ಮಾತಿಗೆ ಅಕ್ಕೋರು ಕಿಟಕಿಯ ಹೊರಗೆ ನೋಡಿದರು. ಹೊರಗೆ ಬೇವಿನ ಗಿಡದ ಕೆಳಗೆ ಅವರ ಗಾಡಿ ನಿಂತಿತ್ತು. ಅದರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಮಾತಾಡಲು ನನ್ನನ್ನೂ ಕರೆದಿದ್ದರು. ಎದ್ದು ನಿಂತೆ, ಎರಡು ಮಾತು ಆಡಿ ಕೂತೆ. ಅಂದು ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ಎರಡೇ ಸೀಟಿನ, ತಲೆಯ ಮೇಲೆ ಬಟ್ಟೆಯ ಹೊದಿಕೆ ಮಾತ್ರ ಇರುವ, ಪರದೇಶದ ಹಳೆಯ ಸ್ಪೋರ್ಟ್ಸ್ ಕಾರು. ಅಕ್ಕೋರ ಸೋದರಮಾವ ತಂಬಾಕಿನ ವ್ಯಾಪಾರಿ. ಹರೆಯದಲ್ಲಿ ಷೋಕಿಗೆ ಕೊಂಡು, ಒಮ್ಮೆ ಗಿಡಕ್ಕೆ ಗುದ್ದಿ, ಆಮೇಲೆ ಅದನ್ನು ವಖಾರಿಯ ಮೂಲೆಗೆ ತಳ್ಳಿ ಮರೆತುಬಿಟ್ಟಿದ್ದರು. ತಂಬಾಕಿನ ಚೀಲಗಳ ನಡುವೆ ವರ್ಷಗಟ್ಟಲೆ ಬಿದ್ದಿದ್ದ ಗಾಡಿ ಅದು. ಸೀಟಿನ ಚರ್ಮಕ್ಕೆ ಇಲಿ ಬಾಯಿ ಹಾಕಿರಲಿಲ್ಲ, ಗೆದ್ದಲು ಹತ್ತಿರ ಸುಳಿದಿರಲಿಲ್ಲ. ಇಂದಿಗೂ ಬಿಸಿಲಲ್ಲಿ ನಿಂತರೆ ಅದರಿಂದ ತಂಬಾಕಿನ ಘಾಟು ಏಳುತ್ತದೆ. ಮಾವ ತೀರಿಕೊಂಡ ಮೇಲೆ ಮನೆಯವರು ಪಾಲು ಮಾಡಿಕೊಂಡಾಗ ಅದು ಯಾರಿಗೂ ಬೇಡವಾಯಿತು. ಅಕ್ಕೋರು ನನಗಿರಲಿ ಎಂದರು. ತಮಾಷೆಗೆ ಕೇಳುತ್ತಿದ್ದಾರೆಂದು ಎಲ್ಲರೂ ನಕ್ಕು ಕೊಟ್ಟುಬಿಟ್ಟರು.

ಅಕ್ಕೋರಿಗೆ ಎಳವೆಯಲ್ಲೇ ಪೋಲಿಯೊ ಆಗಿತ್ತು. ಎಡಗಾಲಿಗೆ ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಬಸ್ಸಿನ ಮೆಟ್ಟಿಲು ಅವರಿಗೆ ದಿನಕ್ಕೆರಡು ಸಲದ ಜಗಳ. ಬೇರೆಯವರ ಕಾರಿನಲ್ಲಿ ಬರುವುದೆಂದರೆ ಬಾಗಿಲಲ್ಲಿ ನಿಂತು "ಇವತ್ತ ಬಿಡತೀರೇನ್ರಿ?" ಎಂದು ಕೇಳುವುದು. ಆ ಒಂದು ವಾಕ್ಯವನ್ನು ಇಪ್ಪತ್ತು ವರ್ಷ ಹೇಳಿದ್ದೇನೆ, ಬಾಯಿ ಸವೆದು ಹೋಗಿದೆ ಎನ್ನುತ್ತಿದ್ದರು.

ನಿಪ್ಪಾಣಿಯ ಹೆದ್ದಾರಿ ಬದಿಯಲ್ಲಿ ಬಾಳು ಮಿಸ್ತ್ರಿಯ ಗ್ಯಾರೇಜು. ಅವನ ಮನೆಮಾತು ಮರಾಠಿ. ಸಿಟ್ಟು ಬಂದಾಗ ಮರಾಠಿ, ಸಮಾಧಾನವಾದಾಗ ಕನ್ನಡ. ಗಾಡಿ ನೋಡಿದ ದಿನ ಅವನು ಕೈ ಒರೆಸಿಕೊಳ್ಳುತ್ತ ಕೇಳಿದನಂತೆ:

"ಬಾಯಾರ, ಪಾಲಿಶ್ ಹೊಡದು ಲಗ್ನಕ್ಕ ಬಾಡಿಗಿ ಕೊಡ್ತೀರೇನು? ವರ ಮೆರೆಯಾಕ ಛಲೋ ಆಗತೈತಿ."

"ಇಲ್ಲ. ದಿನಾ ಸಾಲಿಗಿ ಹೋಗೂದು."

"ದಿನಾ?"

"ಆಯ್ತವಾರ ಬಿಟ್ಟು."

ಮಿಸ್ತ್ರಿ ತಲೆ ತುರಿಸಿಕೊಂಡ. ಆಗ ಅಕ್ಕೋರು ಹಾಕಿದ ನಿಯಮ ಒಂದೇ. "ಕಣ್ಣಿಗೆ ಕಾಣೂದು ಹಳೇದ ಇರಲಿ. ಜೀವಕ್ಕ ಬೇಕಾದ್ದೆಲ್ಲಾ ಹೊಸಾದು ಹಾಕು." ಹಾಗಾಗಿ ಹಸಿರು ಬಣ್ಣ, ದುಂಡು ದೀಪ, ಕಟ್ಟಿಗೆಯ ಸ್ಟೇರಿಂಗು ಉಳಿದವು. ಒಳಗೆ ಮಾತ್ರ ಬ್ರೇಕು ಹೊಸದು, ಗೇರ್ ಬಾಕ್ಸು ಹೊಸದು. ಬಿಸಿಲಿಗೆ ನೀರು ಕುದಿಯಬಾರದೆಂದು ರೇಡಿಯೇಟರಿಗೆ ಕರೆಂಟಿನ ಫ್ಯಾನು, ಎರಡೂ ಸೀಟಿಗೆ ಬೆಲ್ಟು. ಎಡಗಾಲು ಕ್ಲಚ್ ಒತ್ತಲಾರದ್ದಕ್ಕೆ ಗೇರಿನ ಹಿಡಿಕೆಗೇ ಒಂದು ಲಿವರು ಕೂರಿಸಿ, ಕೈಯಿಂದ ಕ್ಲಚ್ ಹಿಡಿಯುವ ಹಾಗೆ ಮಾಡಿದರು. ಅದು ಸರಿಯಾಗಿ ಕೂರುವ ತನಕ ಮಿಸ್ತ್ರಿ ಬರೇ ಮರಾಠಿಯಲ್ಲೇ ಮಾತಾಡಿದ.

ಒಮ್ಮೆ ಕೊಲ್ಹಾಪುರದಿಂದ ಹಳೆ ಕಾರುಗಳ ಹುಚ್ಚಿನ ಒಬ್ಬ ಸಾಹೇಬರು ಬಂದರು. ಸುತ್ತ ತಿರುಗಿ, ಬಾಗಿ ನೋಡಿ, ಸಂಬಂಧಿಕರ ಸಾವಿನ ಸುದ್ದಿ ಕೇಳಿದವರ ಹಾಗೆ ಮುಖ ಮಾಡಿದರು. "ಮೂಲ ಬ್ರೇಕ್ ಕಿತ್ತು ಬಿಟ್ಟೀರಲ್ರಿ ಮೇಡಂ. ಇನ್ನ ಇದನ್ನ ಯಾವ ಪ್ರದರ್ಶನದಾಗೂ ನಿಲ್ಲಸಾಕ ಬರಂಗಿಲ್ಲ."

"ನಿಲ್ಲಸೂದು ಯಾಕ್ರಿ? ಇದು ಎಂಟನೇ ಇಯತ್ತೆ 'ಬ' ವರ್ಗಕ್ಕ ಹೋಗೂ ಗಾಡಿ" ಎಂದರು ಅಕ್ಕೋರು, ಚಹಾದ ಕಪ್ಪು ಅವರ ಕಡೆ ಸರಿಸುತ್ತ.

ಮಕ್ಕಳು ಅದಕ್ಕೆ ಹಸರ ಕಪ್ಪಿ, ಅಂದರೆ ಹಸಿರು ಕಪ್ಪೆ, ಎಂದು ಹೆಸರಿಟ್ಟರು. ನಾನು ಈ ಶಾಲೆಗೆ ವರ್ಗವಾಗಿ ಬಂದ ವಾರವೇ ಅವರು ಕೇಳಿದರು: "ನಿಪ್ಪಾಣಿಯಾಕಿ ಅಲ್ಲೇನು ನೀ? ಬಾ ಕುಂಡ್ರು. ಕುಂಡ್ರೂದು ಅಂದ್ರ ಬೀಳೂದಂತ ತಿಳಕೋ, ಅಷ್ಟ ತೆಳಗೈತಿ." ನಿಜ. ಕೂತರೆ ರಸ್ತೆ ಮೊಣಕೈಗೆ ತಾಗುವಂತೆ ಅನಿಸುತ್ತಿತ್ತು. ಕಬ್ಬಿನ ಟ್ರಾಲಿಗಳ ಗಾಲಿ ನಮ್ಮ ತಲೆಗಿಂತ ಎತ್ತರ. ಅವರು ಓಡಿಸುವಾಗ ಮಾತಾಡುತ್ತಿರಲಿಲ್ಲ, ಲೆಕ್ಕ ಬಿಡಿಸುವವರ ಮುಖ ಮಾಡಿಕೊಂಡಿರುತ್ತಿದ್ದರು. ಓವರ್‌ಟೇಕ್ ಮಾಡುವಾಗ ಮಾತ್ರ, "ಇಂವ ಎಡಕ್ಕ ಬರಾಂವ ನೋಡು" ಎಂದು ಮುಂದಿನ ಡ್ರೈವರನ ಮನಸ್ಸು ಓದಿ ಹೇಳುತ್ತಿದ್ದರು. ಅವನು ಎಡಕ್ಕೇ ಬರುತ್ತಿದ್ದ.

ಈಗ ಸೀಟಿನ ಕೆಳಗೆ ರವದಿ ಹೇಗೆ ಬಂತೆಂಬ ವಿಷಯ. ಬೆಂಕಿಗೆ ಮುಂಚಿನ ಬೇಸಿಗೆಯಲ್ಲಿ ರಸ್ತೆ ಅಗೆದು ಹಾಕಿದ್ದರು. ಕಲ್ಲು ಸಿಡಿದು ಗಾಡಿಯ ಬುಡಕ್ಕೆ ಬಡಿಯುತ್ತಿತ್ತು. ಎಂಜಿನ್ ಎಣ್ಣೆಯ ತೊಟ್ಟಿಗೆ ಒಮ್ಮೆ ತೂತೂ ಬಿತ್ತು. ಕೆಳಗೊಂದು ತಗಡು ಕಟ್ಟಿದರೆ ಆದೀತು ಎಂಬುದು ಅಕ್ಕೋರ ಯೋಚನೆ. ಅವರ ಸಂಬಂಧಿಕರ ಗಾಣದಲ್ಲಿ ಬೆಲ್ಲ ಕುದಿಸುವ ಹಳೆ ಕೊಪ್ಪರಿಗೆ ಕವುಚಿ ಬಿದ್ದಿತ್ತು. ದಪ್ಪ ತಗಡು, ತುಕ್ಕು ಹಿಡಿದಿಲ್ಲ. ಅದನ್ನೇ ಕತ್ತರಿಸಿ, ಅಂಚು ಮೇಲಕ್ಕೆ ಮಡಚಿ ಮಿಸ್ತ್ರಿ ಎಂಜಿನ್ನಿನಿಂದ ಸೀಟಿನವರೆಗೆ ಕೆಳಗೆ ಪರಾತದ, ಅಂದರೆ ಅಗಲ ತಟ್ಟೆಯ, ಹಾಗೆ ಕೂರಿಸಿದ. ಮೂವರೂ ಚಹಾ ಕುಡಿದು ಭೇಷ್ ಎಂದೆವು. ಕಬ್ಬಿನ ಹಂಗಾಮು ಶುರುವಾದಾಗ ಟ್ರಾಲಿಗಳಿಂದ ಉದುರಿದ ರವದಿ ರಸ್ತೆಯ ತುಂಬ ಹರಡಿತು. ಕೆಳಮಟ್ಟದ ಗಾಡಿ ಅದನ್ನು ಬಾಚಿಕೊಳ್ಳುತ್ತ ಹೋಯಿತು. ಪರಾತ ತುಂಬಿತು. ಕಾದ ಸೈಲೆನ್ಸರ್ ಪೈಪು ಅದರ ನಡುವೆಯೇ ಹಾದು ಹೋಗಿತ್ತು. ನಮ್ಮ ಕಡೆ ಕೊಪ್ಪರಿಗೆಯ ಕೆಳಗೆ ರವದಿ ತುರುಕಿ ಬೆಲ್ಲ ಕುದಿಸುತ್ತಾರೆ. ನಾವು ಕೊಪ್ಪರಿಗೆಯ ಒಳಗೇ ರವದಿ ತುಂಬಿಕೊಂಡು, ಅದರ ಮೇಲೆ ಕೂತು ಶಾಲೆಗೆ ಹೋಗುತ್ತಿದ್ದೆವು. ಗಾಣ, ಕೊಪ್ಪರಿಗೆ, ರವದಿ ಎಲ್ಲವನ್ನೂ ಹುಟ್ಟಿದಾಗಿನಿಂದ ಕಂಡವರು ನಾವು. ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆ ಸಂಜೆ ಎದುರಿನಿಂದ ಬಂದ ಟ್ರ್ಯಾಕ್ಟರಿನವನು ಕೈ ಬೀಸಿ ಕೂಗಿದ. "ಬಾಯಾರ, ಬುಡಕ ಬೆಂಕಿ ಹತ್ತೇತ್ರಿ. ಇಳೀರಿ, ಇಳೀರಿ."

ಕೆಳಗೆ ನೋಡಿದೆ. ಗೇರಿನ ಸುತ್ತಲಿನ ಸಂದಿಯಿಂದ ಕೆಂಪು ಬೆಳಕು ಬರುತ್ತಿತ್ತು. ಚಪ್ಪಲಿಯ ಅಟ್ಟೆ ಮೆತ್ತಗಾಗಿ ನೆಲಕ್ಕೆ ಅಂಟುತ್ತಿತ್ತು. "ನಿಲ್ಲಸ್ರಿ ಅಕ್ಕೋರ, ನಿಲ್ಲಸ್ರಿ" ಎಂದು ಅವರ ತೋಳು ಹಿಡಿದು ಜಗ್ಗಿದೆ.

"ಇಲ್ಲಿ ಬ್ಯಾಡ" ಎಂದರು. ಅಷ್ಟೇ.

ಎಡಕ್ಕೆ ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲುಗಳಿದ್ದವು. ಗೋಡೆಯೂ ರವದಿ, ಸೂರೂ ರವದಿ, ಮುಂದೆ ಕಟ್ಟಿದ ಎತ್ತುಗಳ ಕಾಲಡಿಯೂ ರವದಿ. ಒಬ್ಬ ಹೆಣ್ಣುಮಗಳು ಒಲೆಯ ಮುಂದೆ ಕೂತಿದ್ದಳು. ಬಲಕ್ಕೆ ಕಬ್ಬು ಹೇರಿದ ಟ್ರಾಲಿ ಕೆಟ್ಟು ನಿಂತಿತ್ತು. ಅಕ್ಕೋರು ಇವೆರಡರ ನಡುವೆ ಉರಿಯುವ ಗಾಡಿಯನ್ನು ಓಡಿಸುತ್ತ ಹೋದರು. ಗಾಳಿ ಬಡಿದಂತೆ ಬೆಂಕಿ ಜೋರಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ವಿಜ್ಞಾನ ಕಲಿಸುವ ನನಗೂ ಗೊತ್ತಿತ್ತು. ಪೆಟ್ರೋಲಿನ ಕೊಳವೆ ನನ್ನ ಕಾಲಿನ ಪಕ್ಕದಲ್ಲೇ ಹೋಗಿತ್ತೆಂಬುದೂ ಗೊತ್ತಿತ್ತು. ಆ ಗುಡಿಸಲುಗಳ ಸಾಲು ಎಷ್ಟು ಉದ್ದವಿತ್ತು? ಆಮೇಲೆ ಬಸ್ಸಿನಲ್ಲಿ ಹೋಗುವಾಗ ನೋಡಿದ್ದೇನೆ, ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿ ಹೋಗುತ್ತದೆ. ಆ ದಿನ ಅದು ಮುಗಿಯಲೇ ಇಲ್ಲ. ನನ್ನ ತಲೆಯೊಳಗೆ ಎಷ್ಟೋ ತಿಂಗಳು ಮುಗಿಯಲಿಲ್ಲ.

ಮುಂದೆ ಇಟ್ಟಿಗೆ ಭಟ್ಟಿಯ ಬಯಲು. ಬರೇ ಮಣ್ಣು. ಅಲ್ಲಿಗೆ ಹೊರಳಿಸಿ ಎಂಜಿನ್ ಬಂದ್ ಮಾಡಿದರು. ನನ್ನ ಕಡೆಯ ಬಾಗಿಲು ತೆರೆದುಕೊಳ್ಳಲಿಲ್ಲ. ಹೊದಿಕೆ ಹಿಂದಕ್ಕೆ ಮಡಚಿದ್ದರಿಂದ ಬಾಗಿಲ ಮೇಲಿಂದಲೇ ಹಾರಿ ಬಿದ್ದೆ. ಅಕ್ಕೋರು ಹಾರುವಂತಿರಲಿಲ್ಲ. ಅವರ ಕಾಲಿನ ಪಟ್ಟಿ ಸ್ಟೇರಿಂಗಿನ ಕೆಳಗೆ ಸಿಕ್ಕಿಕೊಂಡಿತ್ತು. ಸುತ್ತಿಕೊಂಡು ಹೋಗಿ ಅವರ ಕಡೆಯ ಬಾಗಿಲು ತೆಗೆದೆ.

"ಪಟ್ಟಿ ಬಿಚ್ಚು" ಎಂದರು, ಬೋರ್ಡು ಒರೆಸು ಎನ್ನುವ ಧ್ವನಿಯಲ್ಲಿ. "ಮ್ಯಾಲಿಂದು ಮೊದಲ. ಅವಸರ ಮಾಡಬ್ಯಾಡ, ಜಾರತೈತಿ."

ಬಕ್ಕಲು ಕಾದಿತ್ತು. ಅಂಗೈ ಸುಟ್ಟಿದ್ದು ಆಗಲೇ, ಗೊತ್ತಾಗಿದ್ದು ಆಮೇಲೆ. ಭಟ್ಟಿಯ ಆಳುಗಳು ಓಡಿ ಬಂದು ಅವರನ್ನು ರಟ್ಟೆ ಹಿಡಿದು ಎಳೆದರು. ಪಟ್ಟಿಯೂ ಬೂಟೂ ಒಳಗೇ ಉಳಿದವು. ಉಳಿದವರು ಮಣ್ಣು ಎರಚಿದರು, ಇಟ್ಟಿಗೆಗೆ ಕಲಸಿಟ್ಟ ಕೆಸರನ್ನೇ ಬುಟ್ಟಿಯಲ್ಲಿ ತಂದು ಸುರಿದರು. ನೆಲದ ಮೇಲೆ ಕೂತಿದ್ದ ಅಕ್ಕೋರ ಎಡಗಾಲನ್ನು ನಾನು ಆಗ ಮೊದಲ ಸಲ ನೋಡಿದೆ. ಅವರು ಸೀರೆ ಎಳೆದು ಮುಚ್ಚಿಕೊಂಡು, ಆಳುಗಳ ಕಡೆ ತಿರುಗಿ, "ಬಾನೆಟ್ ಮ್ಯಾಲ ಬ್ಯಾಡ್ರೋ ಯಪ್ಪಾ, ಬಣ್ಣ ಹೋಗತೈತಿ. ಕೆಳಗ ಹಾಕ್ರಿ" ಎಂದರು.

ಒಬ್ಬ ಆಳು ಇನ್ನೊಬ್ಬನಿಗೆ, "ಜೀವ ಹೋಗೂದು ಬಿಟ್ಟು ಬಣ್ಣದ ಚಿಂತಿ ನೋಡ್ಲೇ ಬಾಯಾರಿಗೆ" ಎಂದ. ಅಕ್ಕೋರು ನಕ್ಕರು. ನಾನು ಅಳುತ್ತಿದ್ದೆ.

ಮರುದಿನ ಅವರ ಮನೆಗೆ ಹೋದಾಗ ಅಣ್ಣ ಬಂದಿದ್ದರು. ವಕೀಲರು. ತಂಗಿಯ ಬಗ್ಗೆ ನಿಜವಾದ ಕಾಳಜಿ ಇದ್ದವರು, ಅದಕ್ಕೇ ಅವರ ಮಾತಿಗೆ ತೂಕವಿತ್ತು.

"ಗುಜರಿಗಿ ಹಾಕೂಣು. ಕ್ಲಚ್ಚ ಇಲ್ಲದ ಸಣ್ಣ ಕಾರು ಎಷ್ಟ ಬಂದಾವ. ಒಂದು ತಗೊಂಡು ಸುಮ್ನ ಆರಾಮ ಹೋಗಿ ಬಾ."

"ಆ ಕಾರಿನ್ಯಾಗ ಹ್ವಾದ್ರ ಜನಾ ಏನ ನೋಡ್ತಾರಣ್ಣಾ?"

"ಏನ ನೋಡ್ತಾರ? ಏನೂ ನೋಡಂಗಿಲ್ಲ."

"ಇಳಿಯೂ ಹೊತ್ತಿಗೆ ಕಾಲ ನೋಡ್ತಾರ. ಸಣ್ಣಾಕಿ ಇದ್ದಾಗಿಂದ ಕಾಲ ನೋಡ್ಯಾರ. ಈ ಗಾಡ್ಯಾಗಿಂದ ಇಳದ್ರ ಗಾಡಿ ನೋಡ್ತಾರ. ನನ್ನ ಮಾರಿ ನೋಡಿ, ಎಲ್ಲಿ ತಗೊಂಡ್ರಿ, ಎಷ್ಟ ಓಡತೈತಿ ಅಂತ ಕೇಳ್ತಾರ. ಕಾಲ ಆಮ್ಯಾಲ ನೆನಪಾಗತೈತಿ, ಒಮ್ಮೊಮ್ಮಿ ಆಗೂದ ಇಲ್ಲ."

"ಹಂಗಂತ ಸಾಯತೀಯೇನು?"

"ಇಲ್ಲ. ಅದಕ್ಕ ಸರಿ ಮಾಡಸ್ತೀನಿ. ತಗಡ ಕಟ್ಟಸಿದಾಕಿ ನಾ. ತಪ್ಪು ಗಾಡಿದಲ್ಲ." ಆಮೇಲೆ ನನ್ನ ಕಡೆ ನೋಡಿ, "ಈಕೀನ ಮಾತ್ರ ಇನ್ನ ಕರಿಯಂಗಿಲ್ಲ. ತಾನಾಗಿ ಬಂದ್ರ ಬರಲಿ" ಎಂದರು.

ನಾನು ಹೋಗಲಿಲ್ಲ. ಬಸ್ಸು ಹಿಡಿದೆ. ಅಂಗೈ ಮಾಯಿತು, ನಿದ್ದೆ ಮಾತ್ರ ಹೋಗಿತ್ತು. ಕಣ್ಣು ಹತ್ತಿದ ಕೂಡಲೇ ರವದಿಯ ವಾಸನೆ ಬಂದು ಎಚ್ಚರವಾಗುತ್ತಿತ್ತು. ಎದ್ದು ಗ್ಯಾಸು ನೋಡುತ್ತಿದ್ದೆ, ದೇವರ ದೀಪ ನೋಡುತ್ತಿದ್ದೆ, ಸೀರೆಯ ಸೆರಗು ಮೂಸುತ್ತಿದ್ದೆ. ಕನಸಿನಲ್ಲಿ ಅದೇ ಗುಡಿಸಲುಗಳ ಸಾಲು, ಒಲೆಯ ಮುಂದೆ ಕೂತ ಅದೇ ಹೆಣ್ಣುಮಗಳು. ಒಮ್ಮೊಮ್ಮೆ ಅಕ್ಕೋರು ಅಲ್ಲೇ ನಿಲ್ಲಿಸಿಬಿಡುತ್ತಿದ್ದರು, ಎಲ್ಲ ಗುಡಿಸಲೂ ಹೊತ್ತಿಕೊಳ್ಳುತ್ತಿದ್ದವು. ಒಮ್ಮೊಮ್ಮೆ ನಿಲ್ಲಿಸದೆ ಹೋಗುತ್ತಿದ್ದರು, ಗಾಡಿಯೇ ಸಿಡಿಯುತ್ತಿತ್ತು. ಎರಡೂ ನಡೆಯಲಿಲ್ಲವಲ್ಲ ಎಂದು ನನ್ನ ಮನೆಯವರು ಸಮಾಧಾನ ಹೇಳುತ್ತಿದ್ದರು. ನಡೆಯಲಿಲ್ಲ ಎಂಬುದು ಹಗಲಿಗೆ ಸಾಕಾಗುತ್ತಿತ್ತು, ರಾತ್ರಿಗೆ ಸಾಕಾಗುತ್ತಿರಲಿಲ್ಲ. ಅಕ್ಕೋರು ಮಾತ್ರ ಎಂದಿನಂತೆಯೇ ಇದ್ದರು. ಪಾಠ, ಪರೀಕ್ಷೆ, ಸ್ಟಾಫ್ ರೂಮಿನಲ್ಲಿ ತಮಾಷೆ. ಇವರದು ಕಲ್ಲಿನ ಎದೆ ಎಂದುಕೊಂಡೆ.

ಅವರು ಮತ್ತೆ ಬಸ್ ಸ್ಟ್ಯಾಂಡಿನಲ್ಲಿ ಕಾಯತೊಡಗಿದರು. ಮತ್ತೆ ಯಾರಾದರೂ ಕೈ ಕೊಡಬೇಕು, ಸೀಟು ಬಿಡಬೇಕು, ಅಯ್ಯೋ ಪಾಪ ಎನ್ನಬೇಕು. ಒಬ್ಬ ಕಂಡಕ್ಟರ್, "ಕಪ್ಪಿ ಎಲ್ಲಿ ಹೋತ್ರಿ ಅಕ್ಕೋರ?" ಎಂದು ಕೇಳಿದರೆ, "ನೀರಾಗ ಐತಿ, ಮಳಿ ಮುಗದ ಮ್ಯಾಲ ಹೊರಗ ಬರತೈತಿ" ಎನ್ನುತ್ತಿದ್ದರು.

ಆಯ್ತವಾರಗಳಲ್ಲಿ ಗ್ಯಾರೇಜಿಗೆ ಹೋಗುತ್ತಿದ್ದರು. ಕೆಲವು ಸಲ ನಾನೂ ಜೊತೆಗಿದ್ದೆ, ಗಾಡಿಯಿಂದ ದೂರದಲ್ಲಿ ಒಂದು ಸ್ಟೂಲಿನ ಮೇಲೆ. ವೈರಿಂಗ್ ಪೂರ್ತಿ ಸುಟ್ಟಿತ್ತು, ನೆಲದ ತಗಡು ಸೊಟ್ಟಗಾಗಿತ್ತು. ಮಿಸ್ತ್ರಿಗೆ ಧೈರ್ಯ ಉಡುಗಿತ್ತು. "ಬಾಯಾರ, ನನ್ನ ಕೈಲೆ ಬ್ಯಾಡ್ರಿ. ನಿಮಗೇನರ ಆಗಿದ್ರ ನಾ ಯಾರಿಗಿ ಮಾರಿ ತೋರಸ್ಲಿ?" ಎಂದು ಕನ್ನಡದಲ್ಲೇ ಹೇಳಿದ.

"ಬ್ಯಾರೇದಾಂವ್ಗ ಕೊಟ್ರ ಅಂವ ಹೊಸಾ ತಪ್ಪು ಮಾಡ್ತಾನ. ನಾವು ಈ ತಪ್ಪು ಮಾಡಿ ಮುಗಿಸೇವಿ. ನೀನ ಮಾಡು" ಎಂದರು ಅಕ್ಕೋರು.

ಬುಡಕ್ಕೆ ಯಾವ ತಗಡೂ ಬೇಡವೆಂದು ತೀರ್ಮಾನವಾಯಿತು. ಎಣ್ಣೆಯ ತೊಟ್ಟಿಗೆ ಮಾತ್ರ ಕಲ್ಲು ತಡೆಯುವ ಎರಡು ಪಟ್ಟಿ, ನಡುವೆ ಏನೂ ನಿಲ್ಲದಂತೆ ತೆರಪು. ಸೈಲೆನ್ಸರ್ ಪೈಪನ್ನು ಮೇಲಕ್ಕೆತ್ತಿ, ಬೆಂಕಿ ತಾಳುವ ಪಟ್ಟಿ ಸುತ್ತಿ, ಪಕ್ಕಕ್ಕೆ ಹೊರಳಿಸಿದರು. ಪೆಟ್ರೋಲಿನ ಕೊಳವೆ ಅದರಿಂದ ದೂರ ಇನ್ನೊಂದು ಬದಿಗೆ ಹೋಯಿತು. ಪೆಟ್ರೋಲೂ ಕರೆಂಟೂ ಒಟ್ಟಿಗೆ ಬಂದ್ ಆಗುವ ಒಂದು ಸ್ವಿಚ್ಚು, ಸೀಟುಗಳ ನಡುವೆ ಬೆಂಕಿ ಆರಿಸುವ ಸಿಲಿಂಡರು. ಸ್ಟೇರಿಂಗಿನ ಕೆಳಗೆ ಕಾಲಿನ ಪಟ್ಟಿ ಸಿಗದಂತೆ ಜಾಗ ಬಿಡಿಸಿದರು. ಕಾಲಿನ ಹೊಸ ಪಟ್ಟಿಗೆ ಬಕ್ಕಲಿನ ಬದಲು ಒಂದೇ ಎಳೆತಕ್ಕೆ ಬಿಚ್ಚುವ ಅಂಟು ಪಟ್ಟಿ ಹಚ್ಚಿಸಿಕೊಂಡರು. ಅದನ್ನು ಮಿಸ್ತ್ರಿಯ ಮುಂದೆ ಪರ್‌ರ್ ಎಂದು ಎಳೆದು ತೋರಿಸಿ, "ಇದು ನನ್ನ ಬ್ರೇಕು" ಎಂದರು.

ಮಳೆ ಮುಗಿಯಿತು. ಕಾರ್ಖಾನೆಗಳು ಶುರುವಾದವು. ರಸ್ತೆಯ ಮೇಲೆ ಮತ್ತೆ ರವದಿ ಬಿತ್ತು. ಹಸರ ಕಪ್ಪಿ ಶಾಲೆಯ ಗೇಟಿನೊಳಗೆ ಬಂದ ದಿನ ಮಕ್ಕಳು ವರ್ಗ ಬಿಟ್ಟು ಓಡಿದರು. ಹೆಡ್ಮಾಸ್ತರರೂ ಓಡಿದ್ದರಿಂದ ಯಾರಿಗೂ ಬೈಗುಳ ಬೀಳಲಿಲ್ಲ. ಅಕ್ಕೋರು ನನ್ನನ್ನು ಕರೆಯಲಿಲ್ಲ. ಸಂಜೆ ಗೇಟಿನಲ್ಲಿ ನಾನು ಎಡಕ್ಕೆ ಬಸ್ ಸ್ಟ್ಯಾಂಡಿನ ಕಡೆ ತಿರುಗುತ್ತಿದ್ದೆ, ಅವರು ಬಲಕ್ಕೆ.

ಒಂದು ಸಂಜೆ ಬಸ್ಸಿನ ಕಿಟಕಿಯಿಂದ ಕಂಡೆ. ಗುಡಿಸಲುಗಳು ಬರುವ ಮೊದಲಿನ ಖಾಲಿ ಜಾಗದಲ್ಲಿ ಗಾಡಿ ನಿಂತಿತ್ತು. ಅಕ್ಕೋರು ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿ ನೆಲಕ್ಕೆ ಕೂತಿದ್ದರು. ಕಾಲು ಉದ್ದಕ್ಕೆ ಚಾಚಿ, ತುದಿಗೆ ಕೊಕ್ಕೆಯಿದ್ದ ಕಬ್ಬಿಣದ ಸಳಿಯಿಂದ ಗಾಡಿಯ ಬುಡ ಕೆದರುತ್ತಿದ್ದರು. ಬಸ್ಸಿನವರೆಲ್ಲ ಆ ಕಡೆ ಬಗ್ಗಿದರು. "ಏನ ಹುಡುಕಾಕತ್ತಾರೋ?" "ಕಪ್ಪಿ ತತ್ತಿ ಇಟ್ಟಿರಬೇಕ ತಗೋ" ಎಂದು ಯಾರೋ ನಗಿಸಿದರು. ಅಕ್ಕೋರು ಯಾರ ಕಡೆಯೂ ನೋಡಲಿಲ್ಲ. ಎಳೆದು ತೆಗೆದ ನಾಲ್ಕು ಎಲೆಯನ್ನು ದೂರ ಎಸೆದು, ಬಾಗಿಲು ಹಿಡಿದು ನಿಧಾನ ಮೇಲೆದ್ದರು. ಏಳುವುದಕ್ಕೆ ಅವರಿಗೆ ಎಷ್ಟು ಕಷ್ಟವಾಗುತ್ತದೆಂದು ನನಗೆ ಗೊತ್ತು. ಇದನ್ನು ಅವರು ದಿನವೂ ಮಾಡುತ್ತಿದ್ದರು. ಸಲೀಸಾಗಿ ಕೂತು ಏಳಬಲ್ಲ ನಾನು ಅವರ ಪಕ್ಕದಲ್ಲಿ ಇರಬೇಕಾಗಿತ್ತು, ಬಸ್ಸಿನಲ್ಲಿದ್ದೆ.

ಮರುದಿನ ಸಂಜೆ ಗೇಟಿನಲ್ಲಿ ಗಾಡಿಯ ಪಕ್ಕ ನಿಂತೆ. ಅಕ್ಕೋರು ನನ್ನ ಮುಖ ನೋಡಿದರು.

"ಕುಂಡ್ರು. ಮೊದಲ ಒಳಗಿಂದ ಬಾಗಲಾ ತಗದು ಹಾಕಿ ತೋರಸು."

ತೋರಿಸಿದೆ.

"ಇನ್ನೊಮ್ಮಿ. ಕಣ್ಣ ಮುಚ್ಚಿ."

ಕಣ್ಣು ಮುಚ್ಚಿ ತೋರಿಸಿದೆ. ಸ್ವಿಚ್ಚು ಎಲ್ಲಿದೆ, ಸಿಲಿಂಡರಿನ ಪಿನ್ನು ಹೇಗೆ ಕೀಳಬೇಕು, ಅವರ ಪಟ್ಟಿ ಎಲ್ಲಿ ಎಳೆಯಬೇಕು ಎಲ್ಲವನ್ನೂ ಮಾಡಿಸಿದರು. ಎಂಟನೇ ಇಯತ್ತೆಯವರು ಕಂಪೌಂಡಿನ ಮೇಲೆ ಸಾಲಾಗಿ ಕೂತು ನೋಡಿದರು. "ಪಾಸಾದ್ರೇನ್ರಿ ಟೀಚರು?" ಎಂದು ಒಬ್ಬಳು ಕೇಳಿದಳು. "ಜಸ್ಟ್ ಪಾಸ್" ಎಂದರು ಅಕ್ಕೋರು, ಮತ್ತು ಗಾಡಿ ಹೊರಟಿತು.

ಖಾಲಿ ಜಾಗ ಬಂದಾಗ ನಿಲ್ಲಿಸಿದರು. ಗೋಣಿಚೀಲ ನಾನು ಹಾಸಿದೆ, ಸಳಿ ನಾನು ಹಿಡಿದೆ. ಮಂಡಿಯೂರಿ ಬಗ್ಗಿ ನೋಡಿದೆ. ಬುಡದಲ್ಲಿ ಒಂದೆರಡು ಎಲೆ ಮಾತ್ರ ಸಿಕ್ಕಿಕೊಂಡಿದ್ದವು. ಎಳೆದೆ, ಬಂದವು. ಒಣಗಿದ್ದವು, ತಣ್ಣಗಿದ್ದವು. ಸುಟ್ಟ ವಾಸನೆ ಇರಲಿಲ್ಲ. ಮೂಸಿ ನೋಡಿದೆ, ಮತ್ತೊಮ್ಮೆ ಮೂಸಿದೆ.

"ಏನರ ಐತೇನು?" ಎಂದರು ಮೇಲಿನಿಂದ.

"ಏನಿಲ್ರಿ."

"ಮತ್ತ ಹತ್ತು. ಹೊತ್ತಾತು."

ಗುಡಿಸಲುಗಳ ನಡುವೆ ಗಾಡಿ ಹೋಯಿತು. ಬೇರೆ ಗ್ಯಾಂಗು, ಬೇರೆ ಹೆಂಗಸರು. ಒಬ್ಬಳು ತಲೆಯ ಮೇಲಿನ ಕೊಡ ಹಿಡಿದುಕೊಂಡೇ ನಿಂತು ಗಾಡಿ ನೋಡಿದಳು. ಅಕ್ಕೋರು ಹಾರ್ನ್ ಬಾರಿಸಿದರು, ಅವಳು ನಕ್ಕಳು. ಸಾಲು ಮುಗಿಯಿತು.

ಆ ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಹಾಲಿನವನು ಬಾಗಿಲು ಬಡಿಯುತ್ತಿದ್ದ. ಬೆಳಗಾಗಿತ್ತು. ಕಿಟಕಿಯಲ್ಲಿ ಬಿಸಿಲಿತ್ತು.

ಶಾಲೆಗೆ ಹೋಗಲು ಅಕ್ಕೋರು ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ನನ್ನ ಕೂದಲು ಇನ್ನೂ ಒದ್ದೆಯಿತ್ತು. ತಡವಾಗಿದ್ದಕ್ಕೆ ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ.

"ನಿದ್ದಿ ಬಂತೇನು?" ಎಂದು ಕೇಳಿದರು.

"ಬಂತ್ರಿ. ಬೆಳಗಾಗೂ ಮಟ."

ಅವರು ಕನ್ನಡಿ ಸರಿಮಾಡಿಕೊಂಡರು, ಕ್ಲಚ್ಚಿನ ಲಿವರು ಹಿಡಿದರು.

"ನನಗೂ ಬಂತು ನೋಡು" ಎಂದರು. "ಆವತ್ತಿಂದ ಇದ ಮೊದಲ."